ಯಾರ ಹೆಸರು ಮೊದಲು?

ಪ್ರಿಯ ಗೆಳೆಯಾ,

ನೀನು ಬೆಂಗಳೂರು ತಲುಪಿದ ಸುದ್ದಿ ನಿನ್ನಿಂದ ಬರುವ ಮೊದಲೇ ನೀನು ಹಾಕಿದ ಫೋಟೊಗಳಿಂದ ತಿಳಿಯಿತು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಎಲ್ಲರೂ ಓದಬಹುದಾದ ಈ ಪತ್ರದಲ್ಲಾದರೆ ನಾಲ್ಕು ಜನ ನೋಡುತ್ತಿರುವಾಗ ಸುಮ್ಮನೆ ಓದಲೇಬೇಕಾಗುತ್ತದೆ. ಹಳದಿ ಛತ್ರಿಯ ವಿಷಯವನ್ನು ಎತ್ತುವುದಿಲ್ಲ, ಹೆದರಬೇಡ.

ನಮ್ಮಿಬ್ಬರ ಪರ್ಫಾರ್ಮೆನ್ಸ್, ಅಂದರೆ ಜನರ ಮುಂದೆ ನಾವೇ ಮಾಡಿ ತೋರಿಸುವ ಕಲಾಕೃತಿ, ಅದರ ಮಾತಿಗೆ ಬರುತ್ತೇನೆ. ದಾವಣಗೆರೆಯ ಹಳೆಯ ಗೋದಾಮೊಂದರಲ್ಲಿ ಇಬ್ಬರು ಎದುರುಬದುರು ಕುಳಿತು, ಸಿಕ್ಕಾದ ನೂಲಿನ ರಾಶಿಯನ್ನು ಮಾತಿಲ್ಲದೆ ಬಿಡಿಸುತ್ತಾ ಹೋಗುವುದೆಂದರೆ ಹತ್ತಿ ಗಿರಣಿಗಳಿಂದ ಬದುಕಿದ ಈ ಊರಿನ ನೆನಪನ್ನೇ ಬಿಡಿಸಿದಂತೆ ಎಂದು ಕರಪತ್ರದಲ್ಲಿ ಬರೆದುಕೊಂಡೆವಲ್ಲ, ಅದೆಲ್ಲ ಸರಿಯೇ. ಆದರೆ ನನ್ನ ಮನಸ್ಸಿನಲ್ಲಿ ಉಳಿದವರು ನೋಡಲು ಬಂದಿದ್ದ ಆ ಹಿರಿಯರು. ನನ್ನ ಕೈಯಲ್ಲಿ ಎಳೆ ಕಡಿದಾಗ ಅವರು ಹಗ್ಗದ ಗಡಿ ದಾಟಿ ಒಳಗೆ ಬಂದು, "ಕೊಡು ತಮ್ಮಾ, ಹಿಂಗಲ್ಲ ಅದು" ಎಂದು ಪಕ್ಕದಲ್ಲಿ ಕುಳಿತರು. ಎರಡು ತುದಿಗಳನ್ನು ಅಡ್ಡಡ್ಡವಾಗಿ ಎಡಗೈ ಹೆಬ್ಬೆರಳಿನ ಕೆಳಗೆ ಒತ್ತಿ ಹಿಡಿದು, ಒಂದೆಳೆಯನ್ನು ಉಗುರಿನ ಮೇಲಿಂದ ಸುತ್ತಿ, ಇನ್ನೊಂದರ ತುದಿಯನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದರು. ಬೆರಳಾಡಿಸಿದರೂ ಗಂಟು ಎಲ್ಲಿದೆಯೆಂದು ನನಗೆ ಗೊತ್ತಾಗಲಿಲ್ಲ. ಗಿರಣಿಯಲ್ಲಿ ಕೆಲಸ ಮಾಡಿದ ಆ ಕೈಗಳ ಮುಂದೆ ನಮ್ಮ ತಾಲೀಮೆಲ್ಲ ನೀರಸವಾಗಿತ್ತು. ಆ ಕ್ಷಣದಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತೇ? ಕ್ಯಾಮೆರಾ ಹಿಡಿದ ಹುಡುಗನ ಚೌಕಟ್ಟಿನೊಳಗೆ ನಾನೂ ಇದ್ದೇನೆಯೇ ಎಂದು ಓರೆಗಣ್ಣಿನಿಂದ ನೋಡುತ್ತಿದ್ದೆ.

ಅಂದಿನಿಂದ, ಒಂದು ಕಾಲಕ್ಕೆ ಪ್ರೇಮಿಗಳೂ ಆಗಿದ್ದ ಪರ್ಫಾರ್ಮೆನ್ಸ್ ಕಲಾವಿದರಾದ ಮರೀನಾ ಅಬ್ರಮೋವಿಚ್ ಮತ್ತು ಉಲಾಯ್ ಜೋಡಿ ನನ್ನ ತಲೆ ತಿನ್ನುತ್ತಿದೆ. 1988ರಲ್ಲಿ ಚೀನಾದ ಮಹಾಗೋಡೆಯ ಎರಡು ತುದಿಗಳಿಂದ ಹೊರಟು, 90 ದಿನ ನಡೆದು, ನಡುವೆ ಸಂಧಿಸಿ ಬೇರೆಯಾದ ಅವರ ಕಥೆಯನ್ನು ನಾವು ಎಷ್ಟು ಆರಾಧಿಸಿದ್ದೆವು! 2010ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿ ಬಂದವರೆದುರು ಮೌನವಾಗಿ ಕೂರುವ ಮರೀನಾಳ ಪರ್ಫಾರ್ಮೆನ್ಸ್‌ಗೆ ಉಲಾಯ್ ಬಂದು ಎದುರು ಕುಳಿತಾಗ ಆಕೆ ಕಣ್ಣೀರಿಟ್ಟು ಕೈ ಚಾಚಿದ ವಿಡಿಯೊ ನೋಡಿ ನೀನು ಅತ್ತದ್ದಕ್ಕೆ ನಾನೇ ಸಾಕ್ಷಿ. ಅದೇ ಉಲಾಯ್ ಬಳಿಕ ಜಂಟಿ ಕೃತಿಗಳ ಹಣ ಮತ್ತು ಹೆಸರಿಗಾಗಿ ಆಕೆಯ ಮೇಲೆ ಮೊಕದ್ದಮೆ ಹೂಡಿದ. 2016ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನ್ಯಾಯಾಲಯ ಆತನಿಗೆ 2,50,000 ಯೂರೊ ಕೊಡಿಸಿತು. 1976ರಿಂದ 1980ರವರೆಗಿನ ಕೃತಿಗಳಲ್ಲಿ ಉಲಾಯ್ ಹೆಸರು ಮೊದಲು, 1981ರಿಂದ 1988ರವರೆಗಿನವುಗಳಲ್ಲಿ ಅಬ್ರಮೋವಿಚ್ ಹೆಸರು ಮೊದಲು ಇರಬೇಕೆಂದೂ ಹೇಳಿತು. ಮೊದಲು ಇದನ್ನು ಓದಿ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ 2000ದಿಂದ 2004ರವರೆಗೆ ದಕ್ಷಿಣ ಭಾರತದ ಸ್ತ್ರೀಯರ ಛಾಯಾಚಿತ್ರ ಸರಣಿಯನ್ನು ಮಾಡಿದಾಗ, ವೇಷ ಧರಿಸಿ ಕ್ಯಾಮೆರಾದ ಮುಂದೆ ಹೆಚ್ಚಾಗಿ ನಿಂತದ್ದು ಒಬ್ಬರು, ಹಿಂದೆ ನಿಂತದ್ದು ಇನ್ನೊಬ್ಬರು. ಕೃತಿ ಮಾತ್ರ ಇಬ್ಬರದೂ. ಅಷ್ಟು ನಿರಾಳವಾಗಿ ಹಂಚಿಕೊಳ್ಳುವುದು ನನ್ನಿಂದಾಗದು ಎಂದು ಈಗ ಅನ್ನಿಸುತ್ತಿದೆ. ನನ್ನ ಸ್ವಭಾವಕ್ಕೆ ಹತ್ತಿರದವರು ಪರ್ಫಾರ್ಮೆನ್ಸ್ ಕಲಾವಿದರಾದ ತೆಹ್‌ಚಿಂಗ್ ಶೇ ಮತ್ತು ಲಿಂಡಾ ಮೊಂಟಾನೊ. 1983ರ ಜುಲೈ 4ರಿಂದ ಒಂದು ವರ್ಷ ಎಂಟು ಅಡಿ ಹಗ್ಗದಿಂದ ಸೊಂಟಕ್ಕೆ ಸೊಂಟ ಕಟ್ಟಿಕೊಂಡು, ಪರಸ್ಪರ ಮುಟ್ಟಬಾರದೆಂಬ ಕರಾರಿನಲ್ಲಿ ಬದುಕಿದವರು, ಜಗಳವಾಡಿದವರು. ತಮ್ಮ ಮಾತುಗಳನ್ನು ಟೇಪಿನಲ್ಲಿ ಹಿಡಿದು, ಯಾರೂ ಕೇಳದಂತೆ ಮುದ್ರೆ ಹಾಕಿ ಮುಚ್ಚಿಟ್ಟರು. ನಾನಾದರೋ ಎಲ್ಲರಿಗೂ ಕಾಣುವಂತೆ ಪತ್ರ ಬರೆಯುತ್ತಿದ್ದೇನೆ.

ಆದ್ದರಿಂದ ಹೇಳಿಯೇ ಬಿಡುತ್ತೇನೆ. ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ತಲೆ ಹೊರಹಾಕಿ, "ಮುಂದಿನದನ್ನು ಒಬ್ಬನೇ ಮಾಡೋಣ ಅಂತಿದ್ದೀನಿ" ಎಂದು ನೀನು ಹಗುರವಾಗಿ ಹೇಳಿದೆ. ನಾನು ನಗುತ್ತಾ "ಭೇಷ್" ಎಂದೆ. ನನ್ನ ಜೀವಮಾನದ ಅತ್ಯುತ್ತಮ ಪರ್ಫಾರ್ಮೆನ್ಸ್ ಅದೇ, ಅದರ ಫೋಟೊವನ್ನು ಮಾತ್ರ ಯಾರೂ ತೆಗೆಯಲಿಲ್ಲ. ನಿನ್ನ ಹೆಸರು ಮೊದಲು ಬರುವುದಕ್ಕೆ ನನಗೆ ಹೊಟ್ಟೆಯುರಿ ಎಂದುಕೊಂಡಿದ್ದೆ. ನಿಜವಾದ ಭಯ ಬೇರೆ: ನಿನ್ನ ಹೆಸರು ಪಕ್ಕದಲ್ಲಿ ಇಲ್ಲದೆ ನಾನು ಇಂದಿಗೂ ಒಂದೇ ಒಂದು ಕೃತಿಯನ್ನು ಜನರ ಮುಂದೆ ಇಟ್ಟಿಲ್ಲ, ಇಡಬಲ್ಲೆನೆಂಬ ನಂಬಿಕೆಯೂ ಇಲ್ಲ. ಕಲೆಗಾಗಿ ನಿನ್ನ ಜೊತೆಗಿದ್ದೆನೋ, ನಿನ್ನ ಜೊತೆಗಿರಲು ಕಲೆಯನ್ನು ನೆಪ ಮಾಡಿಕೊಂಡೆನೋ, ಈ ವಯಸ್ಸಿನಲ್ಲಿ ಕೇಳಿಕೊಳ್ಳುವುದಕ್ಕೂ ನಾಚಿಕೆ.

ಇರಲಿ, ಇದು ರಾತ್ರಿ ಖಾರ ಜಾಸ್ತಿಯಾದ ಮಿರ್ಚಿಯ ಪರಿಣಾಮವೂ ಇರಬಹುದು. ಓದುತ್ತಿರುವವರು ದಯವಿಟ್ಟು "ಕಣ್ಣು ತೇವವಾಯಿತು" ಎಂದು ಬರೆಯಬೇಡಿ, ಇವನಿಗೆ ಕೊಬ್ಬು ಹೆಚ್ಚುತ್ತದೆ. ನೀನು ಒಬ್ಬನೇ ಮಾಡು. ನಾನು ಹಗ್ಗದ ಆಚೆ ನಿಂತು, ಎಳೆ ಕಡಿದಾಗ "ಹಿಂಗಲ್ಲ ಅದು" ಎನ್ನುತ್ತೇನೆ. ಮತ್ತೆಂದಾದರೂ ಇಬ್ಬರೂ ಸೇರಿದರೆ ಅಕಾರಾದಿಯಲ್ಲಿ ಹೆಸರು ಹಾಕೋಣವೆಂದರೆ ಅಲ್ಲೂ ನೀನೇ ಮುಂದೆ. ವಯಸ್ಸಿನ ಪ್ರಕಾರ ಹಾಕಿದರೆ ನಾನು ಗೆಲ್ಲುತ್ತೇನೆ. ಆದರೆ ಹುಟ್ಟಿದ ವರ್ಷವನ್ನು ಊರಿಗೆಲ್ಲ ಸಾರಬೇಕಾಗುತ್ತದೆ, ಅದಕ್ಕೆ ನಾನು ತಯಾರಿಲ್ಲ.

ಇಂತಿ,
ಕರಪತ್ರದಲ್ಲಿ ಎರಡನೆಯವನು