ಔಷಧಿ ಕೌಂಟರಿನ ಆ ಮೇಡಂಗೆ

ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಪರೀಕ್ಷೆ ಪಾಸಾದರೂ 500 ಗಂಟೆಗಳ ಪ್ರಾಯೋಗಿಕ ತರಬೇತಿ ಮುಗಿಸದೆ ಫಾರ್ಮಸಿಸ್ಟ್ ನೋಂದಣಿ ಇಲ್ಲ. ನಾಲ್ಕು ಕಡೆ ಕೇಳಿದೆ. 'ದುಡ್ಡು ಕೊಡು, ಬರದಿದ್ದರೂ ಸಹಿ ಹಾಕ್ತೀವಿ' ಅಂದವರೂ ಇದ್ದರು. ಅಳುವೇ ಬಂದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ನೀವು ನನ್ನ ಪತ್ರ ಓದಿ, ಸ್ಟೂಲ್ ಎಳೆದು, 'ಕೂತ್ಕೋಮ್ಮಾ, ಊಟ ಆಯ್ತಾ?' ಅಂದಿರಿ.

ಎರಡನೇ ವಾರ ಚೀಟಿಯಲ್ಲಿದ್ದ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಅನ್ನು ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಎಂದು ಓದಿ ಸ್ಟ್ರಿಪ್ ಎತ್ತಿಕೊಂಡಿದ್ದೆ. ನೀವು ಬೈಯಲಿಲ್ಲ. ನನ್ನ ಕೈ ಮೇಲೆ ಮೆಲ್ಲಗೆ ಕೈಯಿಟ್ಟು, ಎದುರಿಗಿದ್ದವರನ್ನು 'ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಅಜ್ಜಾ?' ಎಂದು ಕೇಳಿದಿರಿ. ನನಗೆ ಎದೆ ಝಲ್ಲೆಂದಿತು, ಆಮೇಲೆ ಉಸಿರು ಬಂತು.

ಮೂರು ತಿಂಗಳ ಡೈರಿಗೆ ಸಹಿ ಹಾಕುವ ಮೊದಲು ಪ್ರತಿ ಪುಟವನ್ನೂ ಓದಿದಿರಿ. ನೋಂದಣಿ ಪತ್ರ ನಿನ್ನೆ ಕೈಸೇರಿತು ಮೇಡಂ.