ಹಳೆ ಗೋವಾದ ಆ ನೆಲದ ಕಲ್ಲುಗಳನ್ನು ಉಳಿಸಿಕೊಡಿ

ಮಾನ್ಯ ಕೇಂದ್ರ ಸಂಸ್ಕೃತಿ ಸಚಿವರಿಗೆ ನಮಸ್ಕಾರ.

ನಾನು ಕಾರವಾರದವನು. ಮನೆಗೆ ನೆಂಟರು ಬಂದಾಗಲೆಲ್ಲ ಹಳೆ ಗೋವಾಕ್ಕೆ ಕರೆದುಕೊಂಡು ಹೋಗುತ್ತೇನೆ. ಎಲ್ಲರೂ ಬಾಮ್ ಜೀಸಸ್ ಚರ್ಚು ನೋಡುತ್ತಾರೆ, ರಸ್ತೆ ದಾಟಿ ಸೆ ಕೆಥೆಡ್ರಲ್ ನೋಡುತ್ತಾರೆ. ಅದರ ಹಿಂದೆಯೇ ಇರುವ ಸಂತ ಫ್ರಾನ್ಸಿಸ್ ಅಸ್ಸಿಸಿ ಚರ್ಚಿಗೆ ಹೋಗುವವರು ಕಡಿಮೆ. ಈ ಪತ್ರ ಅದರ ಬಗ್ಗೆ.

ಚರ್ಚಿಗೆ ಅಂಟಿಕೊಂಡೇ ಒಂದು ಕಾನ್ವೆಂಟ್ ಇದೆ. ಕಾನ್ವೆಂಟ್ ಅಂದರೆ ನಮ್ಮವರಿಗೆ ಇಂಗ್ಲಿಷ್ ಶಾಲೆ, ಅಲ್ವಾ? ಇದು ಸನ್ಯಾಸಿಗಳ ಮಠ. ಸಂತ ಫ್ರಾನ್ಸಿಸರ ಪಂಥದ ಆ ಸನ್ಯಾಸಿಗಳು, ಅಂದರೆ ಫ್ರಾನ್ಸಿಸ್ಕನ್ನರು, ಗೋವಾಕ್ಕೆ ಬಂದಿದ್ದು 1517ರಲ್ಲಿ. 1835ರಲ್ಲಿ ಪೋರ್ಚುಗೀಸ್ ಸರ್ಕಾರ ಮಠ ಮುಚ್ಚಿಸಿತು. 1964ರಿಂದ ಅಲ್ಲಿ ನಿಮ್ಮ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ.

ಈಗಿನ ಚರ್ಚು 1661ರದು. ಹಳೆಯ ಚರ್ಚಿನ ಬಾಗಿಲನ್ನು ಮಾತ್ರ ಹಾಗೇ ಉಳಿಸಿಕೊಂಡರು. ಬಿಳಿ ಗೋಡೆಯ ನಡುವೆ ಕಪ್ಪು ಕಲ್ಲಿನ ಕೆತ್ತನೆ, ಅದರಲ್ಲಿ ನಾವಿಕರ ಗೋಳ. ಒಳಗೆ ಕಾಲಿಟ್ಟರೆ ಬರೋಕ್ ಎಂಬ ಅಲಂಕಾರ ತುಂಬಿದ ಯುರೋಪಿನ ಶೈಲಿಯ ದೊಡ್ಡ ಬಲಿಪೀಠ, ಮೇಲಿಂದ ಕೆಳಗಿನವರೆಗೂ ಚಿನ್ನದ ಲೇಪ. ಎರಡೂ ಬದಿಗೆ ಮರದ ಹಲಗೆಗಳ ಮೇಲೆ ಸಂತ ಫ್ರಾನ್ಸಿಸರ ಬದುಕಿನ ಚಿತ್ರಗಳು.

ಎಲ್ಲರೂ ಕತ್ತೆತ್ತಿ ಅವನ್ನೇ ನೋಡುತ್ತಾರೆ. ನಾನು ಕೇಳಿಕೊಳ್ಳುವುದು ಕಾಲ ಕೆಳಗಿನದರ ಬಗ್ಗೆ. ಅಲ್ಲಿ ನೆಲಕ್ಕೆ ಹಾಸಿರುವುದೇ ಸಮಾಧಿ ಕಲ್ಲುಗಳು. ಮನೆತನದ ಲಾಂಛನ, ಪೋರ್ಚುಗೀಸ್ ಅಕ್ಷರ ಕೊರೆದ ಕಲ್ಲುಗಳು. ಹೋದ ಸಲ ಒಂದು ಕಲ್ಲಿನ ಪಕ್ಕ ಕೂತು ಬೆರಳಾಡಿಸಿದೆ. ಅಂಚಿನಲ್ಲಿ ಅಕ್ಷರಗಳು ಇನ್ನೂ ಕೈಗೆ ಸಿಗುತ್ತವೆ. ಜನ ಓಡಾಡುವ ನಡುಭಾಗದಲ್ಲಿ ಕಲ್ಲು ನುಣ್ಣಗಾಗಿದೆ. ಸವೆಸಿದ್ದು ನಮ್ಮ ಚಪ್ಪಲಿಗಳೇ, ನನ್ನದೂ ಸೇರಿ.

ಓಡಾಡುವ ದಾರಿಗೆ ಮರದ ಹಲಗೆಯ ಹಾಸು ಹಾಕಿಸಿ. ಉಳಿದಿರುವ ಅಕ್ಷರಗಳನ್ನು ಒಂದೊಂದಾಗಿ ಓದಿಸಿ, ಫೋಟೊ ತೆಗೆಸಿ ಇಡಿಸಿ. ಅಳಿಸಿಹೋದ ಹೆಸರನ್ನು ಮತ್ತೆ ಯಾರೂ ಬರೆಯಲಾರರು.

ಇನ್ನೊಂದು ಮಾತು. ಮ್ಯೂಸಿಯಂನಲ್ಲಿ ವೀರಗಲ್ಲುಗಳೂ ಇವೆ. ಗೋವೆಯನ್ನು ಆಳಿದ ಕದಂಬರು ಕನ್ನಡದಲ್ಲೂ ಶಾಸನ ಬರೆಸಿದವರು. ಕರ್ನಾಟಕದಿಂದ ಬಸ್ಸುಗಟ್ಟಲೆ ಮಕ್ಕಳು ಬರುತ್ತಾರೆ. ಅವರಿಗಾಗಿ ಕನ್ನಡದಲ್ಲೊಂದು ಫಲಕ ಹಾಕಿಸಿದರೆ ಎಷ್ಟು ಚೆನ್ನ!

ಮಳೆಗಾಲ ಮುಗಿದ ಕೂಡಲೇ ಜನ ಜಾಸ್ತಿಯಾಗುತ್ತಾರೆ. ಅದಕ್ಕೂ ಮೊದಲು ಆ ನಡುಸಾಲಿಗಾದರೂ ಹಾಸು ಬೀಳಲಿ.

ಇಂತಿ,
ಕಾರವಾರದ ಒಬ್ಬ ಓದುಗ