ಬೇರೆ ಲೋಕದವರಿಗೂ ಕಾರಣವರು (ಪೂರ್ವಿಕರು) ಇರುತ್ತಾರೆಯೇ?

ವಿರಾಜಪೇಟೆ

ಪ್ರೀತಿಯ ಗೆಳೆಯಾ,

ಇನ್ಯಾವುದೋ ಗ್ರಹದಲ್ಲಿ ಬುದ್ಧಿಯುಳ್ಳ ಜೀವಿಗಳಿದ್ದರೆ ನಮ್ಮ ಧರ್ಮಗಳಿಗೆ ಅವರಲ್ಲಿ ಅರ್ಥವಿರುತ್ತದೆಯೇ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಆಡಿ ಮುಗಿಸುವ ಮಾತಲ್ಲವೆಂದು ಬರೆಯುತ್ತಿದ್ದೇನೆ.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯನ್ನೇ ನೋಡು. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಕದಿರು ಕೊಯ್ಯುವ ಮುಹೂರ್ತ ಇಡುವಾಗ ಹುಣ್ಣಿಮೆಯನ್ನೂ ರೋಹಿಣಿ ನಕ್ಷತ್ರವನ್ನೂ ನೋಡುತ್ತಾರೆ. ರೋಹಿಣಿ ಇರುವುದು ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿ. ಚಂದ್ರ ಅದರ ಪಕ್ಕಕ್ಕೆ ಬಂದಂತೆ ಕಾಣುವುದು ಭೂಮಿಯಿಂದ ನೋಡಿದವರಿಗೆ ಮಾತ್ರ. ತಲಕಾವೇರಿಯ ತೀರ್ಥೋದ್ಭವಕ್ಕೆ ಕಾಯುವ ತುಲಾ ಸಂಕ್ರಮಣವೂ ಹಾಗೆಯೇ. ಇನ್ನೊಂದು ಸೂರ್ಯನ ಸುತ್ತ ತಿರುಗುವವರಿಗೆ ಆ ಗಳಿಗೆಯೇ ಇಲ್ಲ. ಇದರಿಂದ ನನಗೆ ಬೇಸರವಾಗುವುದಿಲ್ಲ. ಈ ಗದ್ದೆಯ ಹಬ್ಬ ಈ ಗದ್ದೆಯದಾಗಿಯೇ ಇರಲಿ.

ದೊಡ್ಡ ಧರ್ಮಗಳಿಗೂ ಈ ತೊಡಕು ಎದುರಾಗಿದೆ. 2007ರಲ್ಲಿ ಮಲೇಷ್ಯಾದ ಶೇಖ್ ಮುಸ್ಝಫರ್ ಶುಕೋರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ, ನಮಾಜಿಗೆ ಯಾವ ಕಡೆ ಮುಖಮಾಡಬೇಕು ಎಂಬ ಪ್ರಶ್ನೆ ಬಂತು. ಸಾಧ್ಯವಾದರೆ ಕಾಬಾದ ಕಡೆ, ಆಗದಿದ್ದರೆ ಭೂಮಿಯ ಕಡೆ, ಅದೂ ಆಗದಿದ್ದರೆ ಯಾವ ಕಡೆಗಾದರೂ ಸರಿ ಎಂದು ಅಲ್ಲಿಯ ವಿದ್ವಾಂಸರು ತಿಳಿಸಿದರು. ಎಂಥ ಉದಾರ ಉತ್ತರ! ಮರುವರ್ಷ ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥ ಹೋಸೆ ಫ್ಯೂನೆಸ್, ಅನ್ಯಗ್ರಹದ ಜೀವಿಯನ್ನೂ ಸೋದರನೆನ್ನಬಹುದು ಎಂದರು.

ಆದರೆ ಆ ಸೋದರನಿಗೆ ನಮ್ಮ ಮಾತು ತಟ್ಟುವುದು ಅವನ ಬುದ್ಧಿಯಿಂದಲ್ಲ, ಅವನು ಹುಟ್ಟಿ ಬೆಳೆದು ಸಾಯುವ ರೀತಿಯಿಂದ ಎಂದು ನಾನು ನಂಬುತ್ತೇನೆ. ಆಕ್ಟೋಪಸ್ ಬಹಳ ಚುರುಕು ಬುದ್ಧಿಯ ಪ್ರಾಣಿ. ಅದರ ತಾಯಿ ಊಟ ಬಿಟ್ಟು ಮೊಟ್ಟೆ ಕಾಯುತ್ತದೆ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ಮರಿಗೆ ತಾಯಿಯ ಪರಿಚಯವೇ ಇಲ್ಲ. ಅಂಥದೊಂದು ಜೀವಿ ನಕ್ಷತ್ರಗಳನ್ನು ಅಳೆಯುವಷ್ಟು ಬೆಳೆದಿದ್ದರೂ, ನಮ್ಮ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ದೀಪ ಹಚ್ಚುವುದು ಯಾರಿಗಾಗಿ, ಪೂರ್ವಿಕರ ಗುಡಿಯಾದ ಕೈಮಡದಲ್ಲಿ ಎಡೆ ಇಡುವುದು ಯಾರಿಗೆ ಎಂದು ಅದಕ್ಕೆ ಹೇಗೆ ತಿಳಿದೀತು? ಎತ್ತಿ ಆಡಿಸಿದವರನ್ನು ಕಳೆದುಕೊಂಡವರಿಗಷ್ಟೇ ಗುರು ಕಾರೋಣನ, ಅಂದರೆ ಕುಲದ ಮೂಲಪುರುಷನ, ನೆನಪು ಬೇಕಾಗುತ್ತದೆ. ಹಾಗೆ ಕಳೆದುಕೊಳ್ಳುವ ಜೀವಿ ಎಲ್ಲಿದ್ದರೂ, ಕೈಕಾಲು ಎಷ್ಟಿದ್ದರೂ, ನಮ್ಮ ಸೃಷ್ಟಿಕಥೆಗಳನ್ನೆಲ್ಲ ಬದಿಗಿಟ್ಟು ಈ ಒಂದು ಆಚರಣೆಯ ಮುಂದೆ ನಿಲ್ಲುತ್ತದೆ ಎಂದು ನನಗೆ ಅನ್ನಿಸುತ್ತದೆ.

1974ರಲ್ಲಿ ಅರೆಸಿಬೊ ರೇಡಿಯೊ ದೂರದರ್ಶಕದಿಂದ ನಾವು ಆಕಾಶಕ್ಕೆ ಕಳಿಸಿದ ಸಂದೇಶದಲ್ಲಿ ಸಂಖ್ಯೆಗಳಿದ್ದವು, ಡಿಎನ್‌ಎ ಇತ್ತು, ಮನುಷ್ಯನ ಆಕೃತಿಯೂ ಇತ್ತು. ಆ ಮನುಷ್ಯ ಸಾಯುತ್ತಾನೆ, ಉಳಿದವರು ಅವನಿಗೆ ಅನ್ನ ಬಡಿಸಿಡುತ್ತಾರೆ ಎಂಬುದು ಇರಲಿಲ್ಲ. ಎಂದಾದರೂ ಅತ್ತಲಿಂದ ಉತ್ತರ ಬಂದರೆ ಅವರ ದೇವರು ಯಾರೆಂದು ನಾನು ಕೇಳುವುದಿಲ್ಲ. ಸತ್ತವರ ಹೆಸರನ್ನು ಮಕ್ಕಳಿಗೆ ಹೇಳಿಕೊಡುತ್ತೀರಾ ಎಂದು ಕೇಳುತ್ತೇನೆ. ನೀನಾಗಿದ್ದರೆ ಏನು ಕೇಳುತ್ತಿದ್ದೆ? ಬರೆ.

ನಿನ್ನ ಗೆಳೆಯ